ಚಿಮಣಿಯಿಂದ ಎಲ್‌ಇಡಿವರೆಗೆ: ನಮ್ಮ ಭಾಗದ ಬೆಳಕಿನ ಲೆಕ್ಕ



ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಬೀಜ, ಗೊಬ್ಬರ, ಸಾಲ, ವಸೂಲಿಗಳ ಇತಿಹಾಸ ಇರುವುದು ಸಹಜ. ನಾವಿಲ್ಲಿ ದೀಪದ ಇತಿಹಾಸ ಬರೆಯಲು ಹೊರಟಿದ್ದೇವೆ. ಸಂಘದ ಕಚೇರಿ ಮತ್ತು ಗೋದಾಮಿನ ಹಳೆಯ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಬೇಕೋ ಬೇಡವೋ ಎಂಬ ಪ್ರಶ್ನೆ ಸದಸ್ಯರ ಮುಂದಿದೆ. "ಉರಿಯೋ ದೀಪಾ ಯಾಕ ತೆಗೀಬೇಕ್ರಿ?" ಎನ್ನುತ್ತಾರೆ ಹಿರಿಯರು. ಈ ಮಾತು ತಳ್ಳಿಹಾಕುವಂಥದ್ದಲ್ಲ. ಉತ್ತರಕ್ಕಾಗಿ ಸ್ವಲ್ಪ ಹಿಂದಿನಿಂದ ಬರೋಣ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ನಾಡಿನ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಅದೇ ವರ್ಷ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಹೊತ್ತಿದವು. ಆಗ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ನಿಜಾಮರ ಸೀಮೆ. ಹೈದರಾಬಾದಿನಲ್ಲಿ ಹುಸೇನ್ ಸಾಗರದ ದಂಡೆಗೆ 1920ರಲ್ಲಿ ವಿದ್ಯುತ್ ಕೇಂದ್ರ ಬಂತು. ಆದರೆ ಭೀಮಾ ತೀರದ, ಅಮರ್ಜಾ ತೀರದ ಹಳ್ಳಿಗಳಲ್ಲಿ ಎಣ್ಣೆಯ ಪಣತಿ, ಆಮೇಲೆ ಚಿಮಣಿ, ಕಂದೀಲು. ಮದುವೆಗೆ, ಭಜನೆಗೆ ಮಾತ್ರ ಗ್ಯಾಸ್‌ಬತ್ತಿ. ಚಿಮಣಿ ಎಣ್ಣಿ ತೀರಿದರೆ ಊಟ ಬೇಗ, ನಿದ್ದೆ ಬೇಗ.

1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ನಾವು ಮೈಸೂರು ರಾಜ್ಯ ಸೇರಿದೆವು. 1957ರಲ್ಲಿ ರಾಜ್ಯದ ವಿದ್ಯುತ್ ಮಂಡಳಿ, 1969ರಲ್ಲಿ ಕೇಂದ್ರದ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪನೆಯಾದವು. 1980ರ ಸುಮಾರಿಗೆ ಬಂದ ಭಾಗ್ಯಜ್ಯೋತಿಯಿಂದ ಬಡವರ ಮನೆಗೂ ಒಂದು ಬಲ್ಬ್ ಸಿಕ್ಕಿತು. 2002ರಲ್ಲಿ ಹುಟ್ಟಿದ ನಮ್ಮ ಜೆಸ್ಕಾಂ ಈ ಸಂಘಕ್ಕಿಂತ ಚಿಕ್ಕದು!

ಹಳೆಯ ತಂತಿ ಬಲ್ಬು ತಿನ್ನುವ ಕರೆಂಟಿನಲ್ಲಿ ಬಹುಪಾಲು ಕಾವಾಗಿ ಹೋಗುತ್ತಿತ್ತು. ಟ್ಯೂಬ್‌ಲೈಟ್ ಅದಕ್ಕಿಂತ ಮೇಲು. ಸಿಎಫ್‌ಎಲ್ ಕೂಡ ಉಳಿತಾಯದ್ದೇ. ಆದರೆ ಒಳಗೆ ಪಾದರಸ, ಒಡೆದರೆ ತೊಂದರೆ. ಎಲ್‌ಇಡಿಯ ಬಿಳಿ ಬೆಳಕಿಗೆ ನೀಲಿ ಎಲ್‌ಇಡಿ ಬೇಕಿತ್ತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರು ವಿಜ್ಞಾನಿಗಳಿಗೆ 2014ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಬಂತು.

ಮೊದಮೊದಲು ಎಲ್‌ಇಡಿ ನಮ್ಮ ಕೈಗೆಟುಕುವ ವಸ್ತುವಾಗಿರಲಿಲ್ಲ. ಕೇಂದ್ರದ ಇಇಎಸ್‌ಎಲ್ ಸಂಸ್ಥೆ ಇಡೀ ದೇಶದ ಬೇಡಿಕೆಯನ್ನು ಒಟ್ಟುಗೂಡಿಸಿ ಸಗಟು ಖರೀದಿಗೆ ನಿಂತಿತು. 2014ರಲ್ಲಿ ಬಲ್ಬೊಂದಕ್ಕೆ ಸುಮಾರು 310 ರೂಪಾಯಿ ಇದ್ದ ಖರೀದಿ ದರ 2016ರಲ್ಲಿ 40ರ ಕೆಳಗಿಳಿಯಿತು. ಜನವರಿ 2015ರಲ್ಲಿ ಕೇಂದ್ರದ ಯೋಜನೆ ಆರಂಭವಾಯಿತು, ಅದೇ ಡಿಸೆಂಬರ್‌ನಲ್ಲಿ ನಮ್ಮ ರಾಜ್ಯಕ್ಕೆ 'ಹೊಸ ಬೆಳಕು' ಹೆಸರಿನಲ್ಲಿ ಬಂತು. ಕೂಡಿ ಕೊಂಡರೆ ಅಗ್ಗ ಎಂಬುದು ಸಹಕಾರಿಗಳಾದ ನಮಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಇನ್ನು ಮನೆಯ ಲೆಕ್ಕ. 60 ವ್ಯಾಟಿನ ನಾಲ್ಕು ಬಲ್ಬು ದಿನಕ್ಕೆ 5 ತಾಸು ಉರಿದರೆ ತಿಂಗಳಿಗೆ 36 ಯೂನಿಟ್. ಸರಿಸುಮಾರು ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ನಾಲ್ಕು ಎಲ್‌ಇಡಿಗೆ ಐದೂವರೆ ಯೂನಿಟ್ಟೂ ಆಗದು. "ಕರೆಂಟ್ ಫ್ರೀ ಐತಿ, ಉಳಿಸಿ ಏನ್ ಮಾಡೂದು?" ಎಂದು ಕೇಳುವವರೂ ಇದ್ದಾರೆ. ಗೃಹಜ್ಯೋತಿಗೆ ನಮ್ಮ ಕಲಬುರಗಿಯಲ್ಲೇ 5 ಆಗಸ್ಟ್ 2023ರಂದು ಚಾಲನೆ ದೊರೆಯಿತು. ಆದರೆ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದು ಅದರ ಅರ್ಥವಲ್ಲ. 2022-23ರಲ್ಲಿ ಬಳಸಿದ ಸರಾಸರಿಯ ಮೇಲೆ ಶೇ. 10 ಹೆಚ್ಚು, ಅಷ್ಟೇ ನಮ್ಮ ಪಾಲು. 48 ಯೂನಿಟ್‌ಗಿಂತ ಕಡಿಮೆ ಬಳಸುತ್ತಿದ್ದವರಿಗೆ 2024ರಲ್ಲಿ ಶೇ. 10ರ ಬದಲು 10 ಯೂನಿಟ್ ಎಂದು ತಿದ್ದಿದರು. ಪಾಲು ಮೀರಿದರೆ ಹೆಚ್ಚಿನದಕ್ಕೆ ರೊಕ್ಕ. 200 ಮೀರಿದರೆ ಪೂರ್ತಿ ಬಿಲ್ಲು. ಅಂದಮೇಲೆ ದೀಪದಲ್ಲಿ ಉಳಿದ 30 ಯೂನಿಟ್ ಬ್ಯಾಸಿಗಿ ಫ್ಯಾನಿಗೆ, ಮಿಕ್ಸಿಗೆ ಆಸರೆ.

ಸಂಘಕ್ಕೆ ಆ ಆಸರೆಯೂ ಇಲ್ಲ. ಗೃಹಜ್ಯೋತಿ ಮನೆಗಳಿಗೆ ಮಾತ್ರ. ಚೋಕು ಸೇರಿ 50 ವ್ಯಾಟ್ ಎಳೆಯುವ ಎಂಟು ಟ್ಯೂಬ್ ದಿನಕ್ಕೆ 8 ತಾಸಿನಂತೆ 25 ದಿನ ಉರಿದರೆ 80 ಯೂನಿಟ್. 20 ವ್ಯಾಟಿನ ಎಲ್‌ಇಡಿಯಾದರೆ 32. ಉಳಿಯುವ 48 ಯೂನಿಟ್ಟಿನ ದುಡ್ಡು ಸದಸ್ಯರದೇ.

ಹಿರಿಯರ ಅನುಮಾನದಲ್ಲೂ ಹುರುಳಿದೆ. ಎಲ್‌ಇಡಿಗೆ ಶತ್ರು ಎರಡು: ಕಾವು ಮತ್ತು ಏರಿಳಿಯುವ ವೋಲ್ಟೇಜ್. ನಮ್ಮಲ್ಲಿ ಎರಡಕ್ಕೂ ಬರವಿಲ್ಲ. ಡಬ್ಬಿಯ ಮೇಲಿನ 15,000 ತಾಸು ಎಂಬ ಮಾತನ್ನು ತಗಡಿನ ಗೋದಾಮಿನ ಮಾಡಿಗೆ ಹಾಗೇ ನಂಬಲಾಗದು. ಗಾಳಿಯಾಡದ ಗಾಜಿನ ಬುರುಡೆಯೊಳಗೆ ಎಲ್‌ಇಡಿ ಬೇಗ ಸಾಯುತ್ತದೆ. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಮಾಲು ಬ್ಯಾಡ. ಬಿಐಎಸ್ ಗುರುತು, ಸ್ಟಾರ್ ಚೀಟಿ ನೋಡಿ, ರಸೀದಿ ಇಟ್ಟುಕೊಳ್ಳಬೇಕು. ವ್ಯಾಟಿಗಿಂತ ಲ್ಯೂಮೆನ್ ಓದಬೇಕು, ಬೆಳಕಿನ ಅಳತೆ ಅದು. ಕೋಳಿಮರಿಗೆ ಕಾವು ಕೊಡಲು ಹಳೆಯ ಬಲ್ಬೇ ಸರಿ, ಎಲ್‌ಇಡಿ ಆ ಕೆಲಸಕ್ಕೆ ಬಾರದು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಒಮ್ಮೆಲೇ ಎಲ್ಲ ಕಿತ್ತುಹಾಕುವುದು ಬೇಡ. ಹೆಚ್ಚು ಹೊತ್ತು ಉರಿಯುವ ಕಚೇರಿಯ ದೀಪ ಮೊದಲು, ಗೋದಾಮಿನದು ಆಮೇಲೆ. ಅಪರೂಪಕ್ಕೆ ಉರಿಯುವ ಹಿಂದಿನ ಕೋಣೆಯ ಟ್ಯೂಬು ತಾನಾಗಿ ಕೆಡುವವರೆಗೆ ಇರಲಿ. ಮನೆಗೆ ಬೇಕೆನ್ನುವ ಸದಸ್ಯರ ಹೆಸರು ಬರೆದುಕೊಂಡು ಸಂಘವೇ ಒಟ್ಟಿಗೆ ತರಿಸಲಿ. ಆರು ತಿಂಗಳ ಬಿಲ್ಲನ್ನು ಹಿಂದಿನ ವರ್ಷದ ಬಿಲ್ಲಿನ ಪಕ್ಕ ಫಲಕದ ಮೇಲೆ ಅಂಟಿಸೋಣ. ಲೆಕ್ಕ ಎಲ್ಲರ ಕಣ್ಣಿಗೆ ಬೀಳಲಿ.

ಹನಿ ಹನಿ ಕೂಡಿದರೆ ಹಳ್ಳ ಎಂಬ ನಂಬಿಕೆಯ ಮೇಲೆಯೇ ಈ ಸಂಘ 25 ವರ್ಷ ನಿಂತಿದೆ. ಬರುವ ಸರ್ವಸಾಧಾರಣ ಸಭೆಯಲ್ಲಿ ಸದಸ್ಯರು ವಿಚಾರ ಮಾಡಿ ನಿರ್ಣಯ ಕೊಡಬೇಕೆಂದು ವಿನಂತಿಸುತ್ತೇವೆ.