ರಿಂಗಣ

ಪಂಢರಪುರದ ಆಷಾಢ ವಾರಿಯಲ್ಲಿ, ಅಂದರೆ ಕಾಲ್ನಡಿಗೆಯ ಯಾತ್ರೆಯಲ್ಲಿ, ಪಲ್ಲಕ್ಕಿಯ ಸುತ್ತ ನಡೆಯುವ ಕುದುರೆ ಓಟ. ಆಳಂದಿಯಿಂದ ಹೊರಟ ಸಂತ ಜ್ಞಾನೇಶ್ವರರ ಪಲ್ಲಕ್ಕಿ ಧರ್ಮಪುರಿಯ ಬಳಿ ಸೊಲ್ಲಾಪುರ ಜಿಲ್ಲೆಗೆ ಕಾಲಿಡುತ್ತದೆ. ಅಲ್ಲಿಂದಾಚೆಗೆ ಪುರಂದಾವಡೆ, ಖುಡೂಸ್ ಫಾಟಾ, ಬಾಜೀರಾವ್ ಬಾವಿ ಮುಂತಾದ ಕಡೆ ದುಂಡು ರಿಂಗಣ ಜರುಗುತ್ತದೆ. ತುಕಾರಾಮರ ಪಲ್ಲಕ್ಕಿಗೆ ಅಕ್ಲೂಜಿನಲ್ಲಿ ರಿಂಗಣವುಂಟು.

ಓಡುವ ಕುದುರೆಗಳು ಎರಡೇ. ಒಂದರ ಮೇಲೆ ಮರಾಠರ ದಂಡಿನ ಬಾವುಟವಾದ ಜರಿಪಟಕಾ ಹಿಡಿದ ಸವಾರನಿರುತ್ತಾನೆ. ಇನ್ನೊಂದನ್ನು ಯಾರೂ ಹತ್ತುವುದಿಲ್ಲ. ಅದು ಮಾವುಲಿಯ ಕುದುರೆ, ಮಾವುಲಿ (ತಾಯಿ) ಎಂದು ಕರೆಸಿಕೊಳ್ಳುವ ಜ್ಞಾನೇಶ್ವರರೇ ಅದರ ಮೇಲಿದ್ದಾರೆ ಎಂಬುದು ವಾರಿಯ ಯಾತ್ರಿಕರಾದ ವಾರಕರಿಗಳ ನಂಬಿಕೆ. ಚೋಪದಾರರು ಜನರನ್ನು ಹಿಂದೆ ಸರಿಸಿ ಬಯಲಲ್ಲಿ ದಾರಿ ಬಿಡಿಸುತ್ತಾರೆ. ಪತಾಕೆ ಹೊತ್ತವರು, ತುಳಸಿಕಟ್ಟೆ ಹೊತ್ತ ಹೆಂಗಸರು, ವೀಣೆಯವರು ಮೊದಲು ಸುತ್ತು ಹಾಕುತ್ತಾರೆ. ಆಮೇಲೆ ಕುದುರೆಗಳನ್ನು ಬಿಡುತ್ತಾರೆ. ಸವಾರನ ಕುದುರೆಯನ್ನು ಮಾವುಲಿಯ ಕುದುರೆ ಬೆನ್ನಟ್ಟಿ ಬರುತ್ತಿದ್ದಂತೆ ಬಯಲಿಡೀ ಜಯಘೋಷ. ಪಣವಿಲ್ಲ, ಬಹುಮಾನವಿಲ್ಲ. ಓಟ ಮುಗಿದದ್ದೇ ತಡ, ಗೊರಸು ತುಳಿದ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳಲು ಜನ ಮುಗಿಬೀಳುತ್ತಾರೆ. ದೂರದ ಮಂಗೋಲಿಯದಲ್ಲೂ ಇಂಥದೇ ನಂಬಿಕೆಯುಂಟು. ಅಲ್ಲಿನ ನಾದಮ್ ಹಬ್ಬದಲ್ಲಿ ಮಕ್ಕಳು ಹುಲ್ಲುಗಾವಲಿನ ಉದ್ದಕ್ಕೂ ಕುದುರೆ ಓಡಿಸುತ್ತಾರೆ. ಗೆಲುವು ಅಲ್ಲಿ ದೊಡ್ಡ ಮಾತು. ಆದರೂ ಓಡಿದ ಕುದುರೆಯ ಧೂಳು ಮೈಗೆ ತಾಗಿದರೆ ಶುಭವೆಂದು ಅಲ್ಲಿಯವರೂ ಎಣಿಸುತ್ತಾರೆ.

ಜ್ಞಾನೇಶ್ವರರ ಪಲ್ಲಕ್ಕಿಯ ಕುದುರೆಗಳು ಕನ್ನಡ ನಾಡಿನವು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯ ಅಂಕಲಿಯಲ್ಲಿರುವ ಶಿತೋಳೆ ಸರದಾರರ ಮನೆತನ ಇವನ್ನು ಒಪ್ಪಿಸುತ್ತದೆ. ಅಂಕಲಿಯಿಂದ ಆಳಂದಿಗೆ ಅವು ನಡೆದೇ ಹೋಗುತ್ತವೆ. ವಾರಿಗೆ ಈಗಿನ ರೂಪ ಕೊಟ್ಟವರು ಸಾತಾರಾ ಜಿಲ್ಲೆಯ ಆರಫಳದ ಹೈಬತಬಾಬಾ. ಗ್ವಾಲಿಯರಿನ ಶಿಂದೆಯವರ ದರಬಾರಿನಲ್ಲಿದ್ದ ಅವರು ಹತ್ತೊಂಬತ್ತನೆಯ ಶತಮಾನದ ಮೊದಲಾರ್ಧದಲ್ಲಿ ದಿಂಡಿಗಳ (ಭಜನಾ ತಂಡಗಳ) ಸಾಲು, ಚೋಪದಾರರು, ಕುದುರೆಗಳು ಎಂದು ಎಲ್ಲಕ್ಕೂ ದಂಡಿನ ಶಿಸ್ತು ತಂದರು. ಭಕ್ತರ ಮೆರವಣಿಗೆಯೊಳಗೆ ಜರಿಪಟಕಾ ಬಂದದ್ದು ಹಾಗಾಗಿ ಆಶ್ಚರ್ಯವಲ್ಲ.

ವಾರಿಯ ಆಚೆಗೂ ಸೊಲ್ಲಾಪುರದ ಸೀಮೆಯಲ್ಲಿ ಕುದುರೆಗೆ ನೆಲೆಯಿದೆ. ಅಕ್ಲೂಜಿನಲ್ಲಿ ಕುದುರೆ ಸಂತೆ ಕೂಡುತ್ತದೆ. ಸೊಲ್ಲಾಪುರದ ಅಂಚಿನ ಬಾಳೆ ಗ್ರಾಮದಲ್ಲಿ ಖಂಡೋಬಾನ ಗುಡಿಯಿದೆ. ನಮ್ಮ ಮೈಲಾರಲಿಂಗನೇ ಆದ ಈ ದೇವರ ವಾಹನ ಕುದುರೆ. ಪುಣೆಯ ಕಡೆಯಿಂದ ಪಂಢರಪುರ ಹಾಯ್ದು ಕರ್ನಾಟಕವನ್ನು ಮುಟ್ಟುವ ಭೀಮೆಯ ದಂಡೆಯಿಂದಲೇ ಭೀಮಥಡಿ ತಳಿಗೆ ಹೆಸರು ಬಂದಿದೆ. ಮರಾಠರ ದಂಡಿನಲ್ಲಿ ಹೆಸರಾಗಿದ್ದ ಈ ಗಿಡ್ಡ, ಗಟ್ಟಿ ಕುದುರೆ ಈಗ ಹೆಚ್ಚಾಗಿ ಧನಗರ ಕುರುಬರ ಬಳಿ ಉಳಿದಿದೆ. ಕುರಿ ಹಿಂಡು ಊರೂರು ಅಲೆಯುವಾಗ ಪಾತ್ರೆ ಪಗಡ, ಹಾಸಿಗೆ, ಎಳೆಯ ಕುರಿಮರಿಗಳನ್ನೂ ಇದೇ ಹೊರುತ್ತದೆ. ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಇತ್ತೀಚೆಗೆ ಇದನ್ನು ದೇಶದ ಎಂಟನೆಯ ಕುದುರೆ ತಳಿಯಾಗಿ ನೋಂದಾಯಿಸಿಕೊಂಡಿದೆ.