ಭುಜ, ಕೋಟಿ, ಕರ್ಣ

ಮೂರು ಕಿಲೋಮೀಟರು ಪೂರ್ವಕ್ಕೂ ಅಲ್ಲಿಂದ ನಾಲ್ಕು ಕಿಲೋಮೀಟರು ಉತ್ತರಕ್ಕೂ ನಡೆದವನು ಹೊರಟ ಸ್ಥಳದಿಂದ ಎಷ್ಟು ದೂರದಲ್ಲಿದ್ದಾನೆ? ನಾನು ಪಿ.ಯು.ಸಿ. ಓದುತ್ತಿದ್ದಾಗ ಭೌತಶಾಸ್ತ್ರದ ಪತ್ರಿಕೆಯಲ್ಲಿ ಬಂದ ಪ್ರಶ್ನೆಯಿದು. ಏಳು ಎಂದು ಬರೆದೆ. ಉತ್ತರ ಐದು. ಪ್ರಶ್ನೆ ಇಂಗ್ಲಿಷಿನಲ್ಲಿತ್ತು, ಅದರಲ್ಲಿದ್ದ ‘ಡಿಸ್‌ಪ್ಲೇಸ್‌ಮೆಂಟ್’ ಎಂಬ ಪದ ನನಗೆ ಅರ್ಥವಾಗಿರಲಿಲ್ಲ. ವಿಷಾದದ ಸಂಗತಿಯೆಂದರೆ, ಕರ್ಣದ ವರ್ಗವು ಉಳಿದೆರಡು ಬಾಹುಗಳ ವರ್ಗಗಳ ಮೊತ್ತಕ್ಕೆ ಸಮ ಎಂಬುದನ್ನು ಹೈಸ್ಕೂಲಿನಲ್ಲಿ ಕನ್ನಡದಲ್ಲಿಯೇ ಕಲಿತಿದ್ದೆ. ಬೀಗದ ಕೈ ಜೇಬಿನಲ್ಲಿಯೇ ಇತ್ತು. ಎದುರಿಗಿರುವುದು ಬೀಗವೆಂಬುದೇ ತಿಳಿಯಲಿಲ್ಲ.

ಮುಂದೆ ಕನ್ನಡ ಎಂ.ಎ.ಗೆ ಓದುವಾಗ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯಲ್ಲಿ ರಾಜಾದಿತ್ಯನ ಹೆಸರನ್ನು ಕಂಡೆ. ಹನ್ನೆರಡನೆಯ ಶತಮಾನದ ಈ ಜೈನ ಕವಿ ಪೂವಿನಬಾಗೆಯವನು. ಹೊಯ್ಸಳ ವಿಷ್ಣುವರ್ಧನನ ಆಶ್ರಯದಲ್ಲಿದ್ದನೆಂದು ಹೇಳುವುದುಂಟು. ಕನ್ನಡದಲ್ಲಿ ಗಣಿತವನ್ನು ಬರೆದವರಲ್ಲಿ ಮೊದಲಿಗನೆಂಬ ಕೀರ್ತಿ ಅವನದು. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ವ್ಯವಹಾರರತ್ನ’, ‘ಲೀಲಾವತಿ’, ‘ಚಿತ್ರಹಸುಗೆ’ ಮೊದಲಾದವು ಅವನ ಕೃತಿಗಳು. ಪರೀಕ್ಷೆಗೆ ಈ ಹೆಸರುಗಳನ್ನು ಬಾಯಿಪಾಠ ಮಾಡಿದೆವೇ ಹೊರತು, ಅವುಗಳ ಒಳಗೇನಿದೆಯೆಂದು ನಾವಾರೂ ಕೇಳಲಿಲ್ಲ. ಕ್ಷೇತ್ರಗಣಿತವೆಂದರೆ ಆಕೃತಿಗಳ ಲೆಕ್ಕ. ಆ ಶಾಸ್ತ್ರದ ಅಡಿಗಲ್ಲೇ ಭುಜ, ಕೋಟಿ, ಕರ್ಣ. ಅವನಿಗಿಂತ ಸುಮಾರು ಮುನ್ನೂರು ವರ್ಷ ಹಿಂದೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದ ‘ಗಣಿತಸಾರಸಂಗ್ರಹ’ದಲ್ಲಿ ಇದೇ ಶಾಸ್ತ್ರವನ್ನು ವಿಸ್ತರಿಸಿದ್ದನು.

1150ರಲ್ಲಿ ರಚಿತವಾದ ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ ಎರಡು ಕೋತಿಗಳ ಲೆಕ್ಕವಿದೆ. ನೂರು ಮೊಳ ಎತ್ತರದ ಮರ. ಅದರ ಬುಡದಿಂದ ಇನ್ನೂರು ಮೊಳ ದೂರದಲ್ಲಿ ಕೊಳ. ಒಂದು ಕೋತಿ ಮರವಿಳಿದು ನೆಲದ ಮೇಲೆ ನಡೆದು ಕೊಳ ಸೇರಿತು. ಇನ್ನೊಂದು ಮರದ ತುದಿಯಿಂದ ಮೇಲಕ್ಕೆ ನೆಗೆದು, ಅಲ್ಲಿಂದ ಕರ್ಣದ ಹಾದಿಯಲ್ಲಿ ಕೊಳಕ್ಕೆ ಹಾರಿತು. ಇಬ್ಬರ ಪಯಣವೂ ಸಮ, ಹಾಗಾದರೆ ನೆಗೆತವೆಷ್ಟು? ಐವತ್ತು ಮೊಳ. ಮೇಲಕ್ಕೆ ಐವತ್ತು, ಓರೆಯಾಗಿ ಇನ್ನೂರೈವತ್ತು, ಒಟ್ಟು ಮುನ್ನೂರು; ಮೊದಲನೆಯದೂ ನೂರಕ್ಕೆ ಇನ್ನೂರು ಸೇರಿ ಮುನ್ನೂರೇ. ಆದರೆ ಇಂದಿನ ಅಧ್ಯಾಪಕರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಮರದ ತುದಿಯಿಂದ ಕೊಳಕ್ಕೆ ನೇರವಾಗಿ ಎಷ್ಟು? ಸುಮಾರು 224 ಮೊಳ. ಇದೇ ಎರಡೂ ಕೋತಿಗಳ ಸ್ಥಾನಪಲ್ಲಟ. ನಡೆದ ದೂರ ಬೇರೆ, ಸ್ಥಾನಪಲ್ಲಟ ಬೇರೆ.

ಪ್ರಾಚೀನರಿಗೆ ಆಧುನಿಕ ವಿಜ್ಞಾನವೆಲ್ಲ ತಿಳಿದಿತ್ತೆಂದು ನಾನು ವಾದಿಸುತ್ತಿಲ್ಲ. ಅವರ ಕರ್ಣಕ್ಕೆ ಅಳತೆಯಿತ್ತು. ಅಳತೆಯೊಡನೆ ದಿಕ್ಕನ್ನೂ ಹೊತ್ತು, ಕೂಡುವುದಕ್ಕೂ ಕಳೆಯುವುದಕ್ಕೂ ಒದಗುವ ‘ಸದಿಶ’ವು ಬಹಳ ಈಚಿನದು. ಎರಡು ಚಲನೆಗಳನ್ನು ಸಮಾಂತರ ಚತುರ್ಭುಜದ ಕರ್ಣವಾಗಿ ಕೂಡಿಸುವ ನಿಯಮವನ್ನು ನ್ಯೂಟನ್ 1687ರ ತನ್ನ ಗ್ರಂಥದಲ್ಲಿ ಬಳಸಿದನು. ಅದಕ್ಕೆ ಇಂದಿನ ಬೀಜಗಣಿತದ ರೂಪ ಬಂದದ್ದು 1880ರ ದಶಕದಿಂದೀಚೆಗೆ, ಅಮೆರಿಕದ ಗಿಬ್ಸ್ ಮತ್ತು ಇಂಗ್ಲೆಂಡಿನ ಹೆವಿಸೈಡ್ ಅವರಿಂದ. ಆದರೆ ಆ ಬೀಜಗಣಿತವೂ ಕಾಲೂರಿರುವುದು ಭುಜ ಮತ್ತು ಕೋಟಿಗಳ ಮೇಲೆಯೇ.

ನಮ್ಮ ನೆಲದಲ್ಲೇ ಇದನ್ನು ಪರೀಕ್ಷಿಸೋಣ. ಬೇಲೂರಿನಿಂದ ಹಳೇಬೀಡು ಸುಮಾರು 15 ಕಿಲೋಮೀಟರು ಪೂರ್ವಕ್ಕೂ ಐದೂವರೆ ಕಿಲೋಮೀಟರು ಉತ್ತರಕ್ಕೂ ಇದೆ. ಹಳೇಬೀಡಿನಿಂದ ಅರಸೀಕೆರೆ ಸುಮಾರು 28 ಪೂರ್ವಕ್ಕೆ, 11 ಉತ್ತರಕ್ಕೆ. ಪೂರ್ವವನ್ನು ಪೂರ್ವದೊಡನೆ, ಉತ್ತರವನ್ನು ಉತ್ತರದೊಡನೆ ಕೂಡಬೇಕು. ಒಂದನ್ನು ಇನ್ನೊಂದಕ್ಕೆ ಬೆರೆಸಲಾಗದು. ಪೂರ್ವಕ್ಕೆ 43, ಉತ್ತರಕ್ಕೆ ಹದಿನಾರೂವರೆ. ಕರ್ಣ ಸುಮಾರು 46 ಕಿಲೋಮೀಟರು. ದಿಕ್ಕು, ಪೂರ್ವದಿಂದ ಉತ್ತರಕ್ಕೆ ಸುಮಾರು 21 ಡಿಗ್ರಿ ವಾಲಿದ್ದು. ಇಲ್ಲೊಂದು ಸ್ವಾರಸ್ಯವುಂಟು. ಎರಡು ಹಂತಗಳ ನೇರ ದೂರಗಳು ಬಿಡಿಬಿಡಿಯಾಗಿ 16 ಮತ್ತು 30. ಅವುಗಳ ಮೊತ್ತವೂ 46. ಹೀಗಾಗುವುದು ಎರಡು ಹಂತಗಳ ದಿಕ್ಕೂ ಒಂದೇ ಆದಾಗ ಮಾತ್ರ. ಅಂದರೆ ಈ ಮೂರು ಊರುಗಳು ಬಹುತೇಕ ಒಂದೇ ಸರಳರೇಖೆಯಲ್ಲಿವೆ. ನೂರಾರು ಸಲ ಆ ದಾರಿಯಲ್ಲಿ ಓಡಾಡಿದರೂ ರಸ್ತೆಯ ತಿರುವುಗಳು ಈ ಸಂಗತಿಯನ್ನು ನನ್ನಿಂದ ಮರೆಮಾಡಿದ್ದವು.

ಹೊಯ್ಸಳರ ಚರಿತ್ರೆಯೂ ಈ ಕಡೆಗೇ ಸಾಗಿತು. ಮಲೆನಾಡಿನ ಸೊಸೆವೂರಿನಿಂದ ಹೊರಟ ಮನೆತನ ಬೇಲೂರಿಗೆ ಬಂದಿತು, ಅಲ್ಲಿಂದ ದೋರಸಮುದ್ರಕ್ಕೆ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ. ಹಳೇಬೀಡಿನ ಪಾರ್ಶ್ವನಾಥ ಬಸದಿ 1133ರದು. ಅರಸೀಕೆರೆಯ ಈಶ್ವರ ದೇವಾಲಯ ಸುಮಾರು 1220ರದು. ಈ ಕೊನೆಯದರ ಮಂಟಪದ ತಳವಿನ್ಯಾಸ ಹದಿನಾರು ಮೂಲೆಗಳ ನಕ್ಷತ್ರ. ಅದರ ಅಂಚನ್ನು ಹಿಡಿದು ಒಂದು ಸುತ್ತು ಬಂದರೆ, ಪೂರ್ವಕ್ಕೆ ಇಟ್ಟಷ್ಟೇ ಹೆಜ್ಜೆಯನ್ನು ಪಶ್ಚಿಮಕ್ಕೂ ಇಟ್ಟಿರುತ್ತೇವೆ, ಉತ್ತರಕ್ಕೆ ಇಟ್ಟಷ್ಟನ್ನು ದಕ್ಷಿಣಕ್ಕೂ. ನಡೆದದ್ದು ಬಹಳ, ಸ್ಥಾನಪಲ್ಲಟ ಸೊನ್ನೆ. ನಕ್ಷತ್ರದ ಭುಜಗಳೆಲ್ಲ ಕೂಡಿ ಸೊನ್ನೆಯಾಗದಿದ್ದರೆ ಗೋಡೆ ತನ್ನನ್ನು ತಾನು ಕೂಡಿಕೊಳ್ಳದು. ಸದಿಶದ ಹೆಸರನ್ನು ಕೇಳದ ಆ ಶಿಲ್ಪಿಗಳ ನೂಲು ಈ ಲೆಕ್ಕವನ್ನು ತಪ್ಪಲಿಲ್ಲ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷಪಟ್ಟೆವು, ಸರಿಯೆ. ಆದರೆ ಕಲ್ಲಿನಷ್ಟೇ ಹಳೆಯದಾದ ಇನ್ನೊಂದು ಪರಂಪರೆ, ಕನ್ನಡದಲ್ಲಿ ಲೆಕ್ಕ ಮಾಡುವ ಪರಂಪರೆ, ಯಾವ ಪಟ್ಟಿಯಲ್ಲಿಯೂ ಇಲ್ಲ. ಕನ್ನಡದ ತರಗತಿಯಲ್ಲಿ ರಾಜಾದಿತ್ಯನು ಬರಿಯ ಹೆಸರು. ಭೌತಶಾಸ್ತ್ರದ ತರಗತಿಯಲ್ಲಿ ಹೆಸರೂ ಅಲ್ಲ. ನಾನೂ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಅವನನ್ನು ಹೆಸರಾಗಿಯೇ ಪಾಠ ಮಾಡಿದೆ. ಆ ತಪ್ಪಿನಲ್ಲಿ ನನ್ನ ಪಾಲಿದೆ.

ಹಳ್ಳಿಯ ಶಾಲೆಯಿಂದ ಕಾಲೇಜಿಗೆ ಬರುವ ಹುಡುಗಿಯೊಬ್ಬಳು ಇಂದೂ ಅದೇ ಪ್ರಶ್ನೆಯ ಮುಂದೆ ಕುಳಿತಿರಬಹುದು. ಅವಳಿಗೆ ಯಾರಾದರೂ ಒಂದು ಮಾತು ಹೇಳಬೇಕು: ‘ಮಗು, ಇದು ನಿನಗೆ ಗೊತ್ತಿರುವುದೇ. ಪೂರ್ವ ನಿನ್ನ ಭುಜ, ಉತ್ತರ ನಿನ್ನ ಕೋಟಿ, ಕರ್ಣವನ್ನು ಎಳೆ.’ ಹೇಳುವವರಿದ್ದರೆ ಅವಳು ಏಳು ಎಂದು ಬರೆಯಲಾರಳು.