ಓವರ್‌ಕ್ಲಾಕಿಂಗ್: ಪ್ರೊಸೆಸರ್ ಬಿಸಿಯ ಚರಿತ್ರೆ

ಡೆಸ್ಕ್‌ಟಾಪ್ ಕಂಪ್ಯೂಟರಿನ ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ವೇಗ ಏರಿದಷ್ಟೂ ಬಿಸಿ ಏರುತ್ತದೆ. ವೋಲ್ಟೇಜ್ ಏರಿಸಿದರೆ ಅದರ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎರಡನ್ನೂ ಶೇ 10ರಷ್ಟು ಹೆಚ್ಚಿಸಿದರೆ ಬಿಸಿ ಸುಮಾರು ಶೇ 33ರಷ್ಟು ಹೆಚ್ಚಾಗುತ್ತದೆ. ಇದರ ಚರಿತ್ರೆಯನ್ನು ಫ್ಯಾನು, ಶಾಖ ಹೊರಹಾಕುವ ಲೋಹದ ಹೀಟ್‌ಸಿಂಕುಗಳು ದೊಡ್ಡವಾಗುತ್ತ ಬಂದ ಕಥೆಯಾಗಿ ಹೇಳುವುದು ರೂಢಿ. ಆದರೆ ಮುಖ್ಯ ವಿವಾದಗಳಲ್ಲಿ ಹೆಚ್ಚಿನವು ಎದ್ದಿರುವುದು ಸಿಲಿಕಾನ್ ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವಿನ ಕೆಲವೇ ಮಿಲಿಮೀಟರ್ ಜಾಗದ ಸುತ್ತ.

1993ರಲ್ಲಿ ಇಂಟೆಲ್‌ನ ಪೆಂಟಿಯಮ್ ಬಂದ ಹೊತ್ತಿಗೆ ಹೀಟ್‌ಸಿಂಕು, ಫ್ಯಾನು ಎರಡೂ ಅನಿವಾರ್ಯವಾದವು. 1998ರ ಸೆಲೆರಾನ್ 300ಎ ಓವರ್‌ಕ್ಲಾಕಿಂಗನ್ನು ಜನಪ್ರಿಯಗೊಳಿಸಿತು: ಮದರ್‌ಬೋರ್ಡಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಬದಲಿಸಿದರೆ ಆ ಅಗ್ಗದ ಚಿಪ್ಪು 450 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು.

2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಜಾಲತಾಣ ಒಂದು ವಿಡಿಯೊ ಹೊರತಂದಿತು. ಕಂಪ್ಯೂಟರ್ ಆಟ ನಡೆಯುತ್ತಿರುವಾಗಲೇ ಪ್ರೊಸೆಸರ್ ಮೇಲಿನ ಹೀಟ್‌ಸಿಂಕನ್ನು ಕಿತ್ತಾಗ ಪೆಂಟಿಯಮ್ 4 ತಾನೇ ವೇಗ ತಗ್ಗಿಸಿಕೊಂಡು ಮುಂದುವರಿಯಿತು, ಪೆಂಟಿಯಮ್ 3 ಸ್ತಬ್ಧವಾಯಿತು, ಎಎಂಡಿಯ ಆಥ್ಲಾನ್ ಹೊಗೆಯಾಡಿ ಸುಟ್ಟುಹೋಯಿತು. ಓವರ್‌ಕ್ಲಾಕಿಂಗಿನ ಅಪಾಯಕ್ಕೆ ಸಾಕ್ಷಿ ಎಂದು ಇದನ್ನು ಈಗಲೂ ತೋರಿಸುವವರಿದ್ದಾರೆ. ಅದು ಸರಿಯಲ್ಲ, ಸುಟ್ಟ ಆಥ್ಲಾನ್ ತನ್ನ ನಿಗದಿತ ವೇಗದಲ್ಲೇ ಓಡುತ್ತಿತ್ತು. ಅಲ್ಲದೆ ಫ್ಯಾನು ನಿಲ್ಲುವುದುಂಟು, ಹೀಟ್‌ಸಿಂಕೇ ಬಿದ್ದುಹೋಗುವುದು ಅಪರೂಪ. ಆದರೂ ಬಿಸಿ ಮಿತಿಮೀರಿದಾಗ ಕರೆಂಟು ಕಡಿಯುವ ಹೊಣೆ ಚಿಪ್ಪಿನದೋ ಮದರ್‌ಬೋರ್ಡಿನದೋ ಎಂಬ ಪ್ರಶ್ನೆಯನ್ನು ಅದು ಮುನ್ನೆಲೆಗೆ ತಂದಿತು. ಆಗಿನ ಆಥ್ಲಾನಿನ ಚಿಪ್ಪಿಗೆ ಮುಚ್ಚಳವೂ ಇರಲಿಲ್ಲ. ಸುತ್ತ ನಾಲ್ಕು ರಬ್ಬರ್ ಬಿಲ್ಲೆಗಳು ಮಾತ್ರ. ಸ್ಕ್ರೂಡ್ರೈವರಿನಿಂದ ಕ್ಲಿಪ್ ಒತ್ತುವಾಗ ಹೀಟ್‌ಸಿಂಕು ಓರೆಯಾದರೆ ಚಿಪ್ಪಿನ ಮೂಲೆ ಮುಕ್ಕಾಗುತ್ತಿತ್ತು. 2003ರ ಆಥ್ಲಾನ್ 64ಕ್ಕೆ ಲೋಹದ ಮುಚ್ಚಳ ಬಂತು.

ಅಂಥ ಮುಚ್ಚಳದ ಅಡಿಯಲ್ಲೇ ಮುಂದಿನ ಜಗಳ ಹುಟ್ಟಿತು. 2012ರ ಐವಿ ಬ್ರಿಜ್ ಪ್ರೊಸೆಸರುಗಳಲ್ಲಿ ಇಂಟೆಲ್, ಚಿಪ್ಪಿಗೂ ಮುಚ್ಚಳಕ್ಕೂ ನಡುವೆ ಬೆಸುಗೆಯ ಬದಲು ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಬಳಸಿತು. ಸಾಧಾರಣ ವೇಗದಲ್ಲಿ ತೊಂದರೆ ಕಾಣಲಿಲ್ಲ, ಓವರ್‌ಕ್ಲಾಕ್ ಮಾಡಿದವರಿಗೆ ಹಿಂದಿನ ಸ್ಯಾಂಡಿ ಬ್ರಿಜ್‌ಗಿಂತ ಬಿಸಿ ಎದ್ದು ಕಂಡಿತು. ಚಿಪ್ಪು 216ರಿಂದ 160 ಚದರ ಮಿ.ಮೀ.ಗೆ ಕುಗ್ಗಿದ್ದರಿಂದ ಶಾಖ ಒತ್ತಾಗಿದೆ ಎಂಬುದು ಒಂದು ವಾದ, ಪೇಸ್ಟೇ ಕಾರಣ ಎಂಬುದು ಇನ್ನೊಂದು. ಹವ್ಯಾಸಿಗಳು ಬ್ಲೇಡಿನಿಂದ ಅಂಚಿನ ಅಂಟು ಕೊಯ್ದು ಮುಚ್ಚಳ ಬಿಚ್ಚಿದರು. ಪೇಸ್ಟಿನ ಗುಣದಷ್ಟೇ ಅಂಟಿನ ದಪ್ಪವೂ ಕಾರಣ ಎಂದು ಆಗ ತಿಳಿಯಿತು: ಅಂಟು ಮುಚ್ಚಳವನ್ನು ಎತ್ತಿ ಹಿಡಿದು ನಡುವೆ ಸಂದು ಬಿಡುತ್ತಿತ್ತು. ಹೀಗಾಗಿ ಪೇಸ್ಟನ್ನು ಮಾತ್ರ ದೂರುವ ಬರಹಗಳು ಅರ್ಧ ಸತ್ಯ ಹೇಳುತ್ತವೆ. ಪೇಸ್ಟಿನ ಜಾಗಕ್ಕೆ ಹಚ್ಚುವ ಗ್ಯಾಲಿಯಂ ಮಿಶ್ರಣದ ಲಿಕ್ವಿಡ್ ಮೆಟಲ್ ಬಿಸಿಯನ್ನು ಚೆನ್ನಾಗಿ ಇಳಿಸುತ್ತದೆ. ಆದರೆ ಅದರಲ್ಲಿ ವಿದ್ಯುತ್ ಹರಿಯುತ್ತದೆ. ಅಲ್ಯೂಮಿನಿಯಂ ಅನ್ನು ಅದು ತಿಂದುಹಾಕುತ್ತದೆ.

2018ರ ಕೋರ್ ಐ9-9900ಕೆ ಜೊತೆ ಬೆಸುಗೆ ಮರಳಿತು. ಅದರ ಮುಚ್ಚಳ ಬಿಚ್ಚಿ ಲಿಕ್ವಿಡ್ ಮೆಟಲ್ ಹಚ್ಚಿದವರಿಗೆ ಬಿಸಿ ಇನ್ನೂ ಇಳಿದದ್ದು ಕಂಡಿತು. ಚಿಪ್ಪಿನ ಸಿಲಿಕಾನೇ ದಪ್ಪವಾಗಿದ್ದದ್ದೂ ಶಾಖಕ್ಕೆ ಅಡ್ಡಿಯಾಗಿತ್ತು. 2020ರ 10900ಕೆಯಲ್ಲಿ ಇಂಟೆಲ್ ಅದನ್ನು ತೆಳುಗೊಳಿಸಿತು.

ದ್ರವ ಸಾರಜನಕ, ದ್ರವ ಹೀಲಿಯಂ ಸುರಿದು ಮಾಡುವ ವಿಶ್ವದಾಖಲೆಗಳು (2022ರಲ್ಲಿ 9 ಗಿಗಾಹರ್ಟ್ಸ್ ದಾಟಿವೆ) ಸ್ಪರ್ಧೆಯ ಮಾತು, ಮನೆಬಳಕೆಗೆ ಸಂಬಂಧವಿಲ್ಲ.

ಈಚೆಗೆ ಚಿತ್ರವೇ ಬದಲಾಗಿದೆ. ಎಎಂಡಿಯ 2022ರ ರೈಜನ್ 7000 ಪ್ರೊಸೆಸರುಗಳು ಭಾರೀ ಕೆಲಸದಲ್ಲಿ 95 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆಯೇ ರೂಪುಗೊಂಡಿವೆ. ಎಂಥ ಕೂಲರ್ ಹಾಕಿದರೂ ಸಿಕ್ಕ ಅವಕಾಶವನ್ನು ಹೆಚ್ಚಿನ ವೇಗಕ್ಕೆ ಬಳಸಿಕೊಳ್ಳುತ್ತವೆ. 2023ರಲ್ಲಿ ಕೆಲವು ರೈಜನ್ 7800ಎಕ್ಸ್3ಡಿ ಚಿಪ್ಪುಗಳು ಸುಟ್ಟಾಗ ಎಎಂಡಿ ಎಸ್‌ಒಸಿ (ಮೆಮೊರಿ ಕಂಟ್ರೋಲರ್ ಮುಂತಾದ ಭಾಗಗಳ) ವೋಲ್ಟೇಜನ್ನು 1.3 ವೋಲ್ಟ್‌ಗೆ ಮಿತಿಗೊಳಿಸಿತು. 2024ರಲ್ಲಿ ಇಂಟೆಲ್‌ನ 13, 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ಪುಗಳು ಅಸ್ಥಿರವಾದಾಗಲೂ ಕೂಲರನ್ನು ದೂರಲಾಗದು; ಮೂಲ ಇದ್ದದ್ದು ಅತಿಯಾದ ವೋಲ್ಟೇಜಿನಲ್ಲಿ. ಆ ಆಗಸ್ಟ್‌ನಲ್ಲಿ ಬಂದ ಮೈಕ್ರೊಕೋಡ್ (ಚಿಪ್ಪಿನೊಳಗಿನ ತಂತ್ರಾಂಶ) ಹೊಸ ಹಾನಿಯನ್ನು ತಡೆಯಲಷ್ಟೇ; ಆಗಲೇ ಹಾಳಾದ ಚಿಪ್ಪನ್ನು ಅದು ಸರಿಪಡಿಸದು. ಅಂಥವನ್ನು ಬದಲಿಸಿಕೊಳ್ಳಲು ಇಂಟೆಲ್ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು.